ನಯಾಪುಲ್ ಮೇಲೆ ನಿಂತ ಬಂಡಿ

ಹೈದರಾಬಾದ್,
ಸ್ವಭಾನು ಸಂವತ್ಸರ, ಫಾಲ್ಗುಣ ಬಹುಳ ಪಂಚಮಿ

ನನ್ನ ಬೆನ್ನಿಗೆ ಬಿದ್ದ ತಂಗಿ ಸುಗಲಮ್ಮನಿಗೆ ಅಕ್ಕ ರೇಣಮ್ಮನ ಮನಸಾರೆ ಆಶೀರ್ವಾದ. ಸುರಪುರದಲ್ಲಿ ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ನೆಟ್ಟಗಿದ್ದೀರೆಂದು ತಿಳಿದಿದ್ದೇನೆ.

ಮೊದಲು ಇದನ್ನು ಓದಿಕೋ. ಅತ್ತೆ ಬದುಕಿದ್ದಾಳೆ. ದವಾಖಾನೆಯ ಮಂಚದ ಮೇಲೆ ಮಲಗಿ, ಇಲ್ಲಿಯ ಅನ್ನ ಬಾಯಿಗೆ ಹತ್ತುವುದಿಲ್ಲವೆಂದು ಎಲ್ಲರನ್ನೂ ಬೈಯುತ್ತಿದ್ದಾಳೆ. ನಾವು ಹೊರಟ ದಿನ ನೀನು ನಮ್ಮ ಶಹಾಪುರದ ಅಂಗಳದಲ್ಲಿ ನೊಗಕ್ಕೆ ಅಡ್ಡ ನಿಂತು, "ಅಕ್ಕಾ, ನೀ ಮುದುಕೀನ್ನ ದವಾಖಾನಿಗೆ ಒಯ್ಯಾಕತ್ತಿಲ್ಲ, ದಾರ್ಯಾಗ ಮಣ್ಣು ಮಾಡಾಕ ಒಯ್ಯಾಕತ್ತಿ" ಅಂದೆಯಲ್ಲ, ಆ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಕುಳಿತಿತ್ತು. ಸಿಟ್ಟಿನಿಂದ ಬರೆಯುತ್ತಿಲ್ಲ. ನೀನು ಹೆದರಿದ್ದೆ. ನಾನೂ ಹೆದರಿದ್ದೆ, ತೋರಿಸಿಕೊಳ್ಳಲಿಲ್ಲ ಅಷ್ಟೇ.

ನಾನು ಹಟ ಹಿಡಿದೆ ಅಂತ ಊರೆಲ್ಲ ಅಂದರು. ಹಟವಲ್ಲದೆ ಬೇರೆ ಏನು ಉಳಿದಿತ್ತು ಹೇಳು? ಅತ್ತೆ ಕುರಿ ಹಟ್ಟಿಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಾಗ ಬಿದಿರ ಸೀಳು ಕಟ್ಟಿಸಿದೆವು. ಕಾಲು ಸೇರಲಿಲ್ಲ, ಗೇಣು ಗಿಡ್ಡಾಯಿತು. ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತು ಯಾದಗಿರಿಗೆ ಒಯ್ದಾಗ ಅಲ್ಲಿಯ ಡಾಕ್ಟರರು ನೋಡಿ, ಇದಕ್ಕೆ ತೂಕ ಕಟ್ಟಿ ಎಳೆಯಬೇಕು, ಅದು ಹೈದರಾಬಾದಿನ ದೊಡ್ಡ ದವಾಖಾನೆಯಲ್ಲೇ ಆಗಬೇಕು, ಬಿಟ್ಟರೆ ಮುದುಕಿ ಇನ್ನು ಏಳುವುದಿಲ್ಲ ಅಂದರು. ಅಲ್ಲಿಂದಲೇ ಸ್ಟೇಷನ್ನಿಗೆ ಹೋದೆವು. ಲಡಾಯಿಯ ಕಾಲ. ರೈಲು ತುಂಬ ಸಿಪಾಯಿಗಳು, ಬಾಗಿಲಲ್ಲಿ ಜೋತುಬಿದ್ದ ಜನ. ಹೊರಸು ಬಾಗಿಲು ಹಿಡಿಯಲಿಲ್ಲ. ಎತ್ತಿ ಒಳಗೆ ಕೂಡಿಸಹೋದರೆ ಅತ್ತೆ ಚೀರಿದಳು ನೋಡು, ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡಿತು. ಗಾರ್ಡು ಸೀಟಿ ಊದಿದ, ರೈಲು ಹೋಯಿತು. ಲಾರಿ ಕೇಳಿದರೆ ಪೆಟ್ರೋಲ್ ಇಲ್ಲ ಅಂದರು. ಆ ದಿನ ವಾಪಸು ಬರುವಾಗ ಭೀಮಾ ನದಿಯ ಉಸುಕಿನಲ್ಲಿ ಹೊರಸು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಾಗ ನಾನು ನಿಶ್ಚಯಿಸಿದೆ. ಕೂಡಲು ಬರದವಳನ್ನು ಮಲಗಿಸಿಕೊಂಡೇ ಒಯ್ಯುತ್ತೇನೆ. ಮನೆಯನ್ನೇ ಗಾಲಿಯ ಮೇಲೆ ಇಟ್ಟು ಹೊರಡುತ್ತೇನೆ.

ಅತ್ತೆ ಒಪ್ಪಿದಳು, ಮಗನ ವಿಷಯದ ಒಂದು ಕರಾರಿನ ಮೇಲೆ. "ದೇವಿಂದ್ರಗ ಸುದ್ದಿ ಹೋಗಬಾರದು. ನಾ ಕಾಲು ಸರಿ ಮಾಡಿಸಾಕ ಹೊಂಟೀನಿ, ಅವನ ಮಾರಿ ನೋಡಾಕಲ್ಲ" ಅಂದಳು. ನಿನ್ನ ಭಾವ ಮನೆ ಬಿಟ್ಟ ದಿನ ನೀನೂ ಅಲ್ಲಿದ್ದೆ. ಮಾವ ತೀರಿಕೊಂಡ ಮೇಲೆ ಕುರಿ ಕಾಯಬೇಕಾದ ಮಗ ಮೋಟಾರು ಕಲಿಯಲು ಹೈದರಾಬಾದಿಗೆ ಹೊರಟ. "ಮೋಟಾರ ಹತ್ತಿದಿ ಅಂದ್ರ ನನ್ನ ಹೊಸ್ತಲಾ ಹತ್ತಬ್ಯಾಡ" ಅಂದಳು ತಾಯಿ. ಅವರು ನನ್ನನ್ನೂ ಕರೆದರು. ಇವಳೊಬ್ಬಳನ್ನೇ ಯಾರಿಗೆ ಬಿಟ್ಟು ಬರಲಿ ಅಂದೆ. ಅಷ್ಟಕ್ಕೇ ಮೋರೆ ತಿರುವಿ ಹೋದವರು ಇಷ್ಟು ವರ್ಷ ಒಂದು ಕಾರ್ಡು ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ.

ಬಂಡಿ ಸಿದ್ಧ ಮಾಡಿದ್ದು ಖಾಜಾಹುಸೇನ ಕಾಕಾ. ನಮ್ಮ ಓಣಿಯ ತುದಿಯಲ್ಲಿದ್ದಾನಲ್ಲ, ಹರೆಯದಲ್ಲಿ ಹೈದರಾಬಾದಿನಲ್ಲಿ ಟಾಂಗಾ ಹೊಡೆದವನು. ಬಡಿಗನ ಕೈಲಿ ಉದ್ದನೆಯ ಹೊಸ ಕಮಾನು ಕಟ್ಟಿಸಿದ. ಗಾಲಿಯ ಕುಲುಕು ಕಾಲಿಗೆ ತಾಗದಂತೆ ಏನು ಮಾಡುವುದೆಂದು ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಹುಲ್ಲು ಹಾಸಿದೆವು, ನಡೆಯಲಿಲ್ಲ. ಕೊನೆಗೆ ನಮ್ಮ ಮಗ್ಗದ ಜೋಡಿ ಕಂಬಳಿಯನ್ನು ಕಮಾನಿನಿಂದ ಹಗ್ಗ ಕಟ್ಟಿ ತೂಗುಬಿಟ್ಟೆವು, ಕೂಸಿನ ತೊಟ್ಟಿಲಿನ ಹಾಗೆ. ಅದರಲ್ಲಿ ಮೊದಲು ನಾನೇ ಮಲಗಿ ಊರ ಹೊರಗಿನ ಕಲ್ಲುದಾರಿಯಲ್ಲಿ ಸುತ್ತಿ ಬಂದೆ. ಜನ ನಕ್ಕರು. ಬಂಡಿ ಕುಣಿಯಿತು, ತೊಟ್ಟಿಲು ಕುಣಿಯಲಿಲ್ಲ. ಅಡಿಯಲ್ಲಿ ನೀರಿನ ಕೊಡ, ಹಿಂದೆ ಮೇವು, ಮೂಲೆಯಲ್ಲಿ ತಗಡಿನ ಒಲೆ. ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನೂ ಇಟ್ಟುಕೊಂಡೆ.

ಆದರೆ ಕಾಕಾನಿಗೆ ದಾರಿಯ ಚಿಂತೆ ಇರಲಿಲ್ಲ, ಪಟ್ಟಣದ ಚಿಂತೆ. "ರೇಣವ್ವ, ಗುರುಮಿಠಕಲ್ ದಾಟೂದು ದೊಡ್ಡ ಮಾತಲ್ಲ. ಮಹಬೂಬನಗರ ದಾಟೂದೂ ದೊಡ್ಡ ಮಾತಲ್ಲ. ಶಂಷಾಬಾದ ಆದಮ್ಯಾಲ ಮಿಲಿಟ್ರಿ ಲಾರಿ, ಬಸ್ಸು, ಸೈಕಲ್ಲು, ಟಾಂಗಾ ಒಂದರ ಬೆನ್ನಿಗೆ ಒಂದು. ನಮ್ಮ ಎತ್ತು ಹಾರ್ನ್ ಕೇಳಿ ಬೆದರಿದ್ವು ಅಂದ್ರ ಮುದುಕಿ ನಡು ಸಡಕಿನ್ಯಾಗ ಬೀಳ್ತಾಳ" ಅಂದ. ಹಾಗಾದರೆ ಎತ್ತುಗಳಿಗೇ ಪಟ್ಟಣ ಕಲಿಸೋಣ ಅಂದೆ ನಾನು.

ಯಾದಗಿರಿಯ ಬಸ್ಸು ಬಂದು ನಿಲ್ಲುವ ಹುಣಸೆ ಮರದ ಕೆಳಗೆ ದಿನಾ ಎತ್ತು ಕಟ್ಟತೊಡಗಿದೆ. ಹಾರ್ನ್ ಕೇಳಿದ ಕೂಡಲೇ ಎರಡರ ಬಾಯಿಗೂ ಒಂದೊಂದು ತುಣುಕು ಶೇಂಗಾ ಹಿಂಡಿ. ಮೊದಲೆರಡು ದಿನ ಕಣ್ಣಿ ಹರಿಯುವ ಹಾಗೆ ಜಗ್ಗಿದವು. ಮಾಘ ಬರುವಷ್ಟರಲ್ಲಿ ಹಾರ್ನ್ ಕೇಳಿದರೆ ಬೆದರುವುದಿರಲಿ, ಕಿವಿ ನಿಗುರಿಸಿ ನನ್ನ ಕಡೆ ನಾಲಿಗೆ ಚಾಚುತ್ತಿದ್ದವು. ನನಗೆ ನನ್ನ ಜಾಣತನದ ಮೇಲೆ ಭಾಳ ಹೆಮ್ಮೆ ಬಂದಿತ್ತು. ಆ ಹೆಮ್ಮೆ ಏನು ಮಾಡಿತೆಂದು ಮುಂದೆ ಬರೆಯುತ್ತೇನೆ.

ಭೀಮಾ ದಾಟಿಸಿದವರು ಹೊಳೆಯ ದಂಡೆಯ ಅಂಬಿಗರ ದ್ಯಾವಪ್ಪ ಮತ್ತು ಅವನ ಅಣ್ಣತಮ್ಮಂದಿರು. ನೀರು ಮೊಣಕಾಲಿಗಿತ್ತು, ಆದರೆ ಉಸುಕು ಗಾಲಿ ನುಂಗುತ್ತಿತ್ತು. ಅವರು ಬಲೆ ಬಿಟ್ಟು ಬಂದು ಹೆಗಲು ಕೊಟ್ಟರು. ಅತ್ತೆ ತೊಟ್ಟಿಲಿನಿಂದಲೇ ಅವರ ಮನೆತನವನ್ನೆಲ್ಲ ವಿಚಾರಿಸಿದಳು. ಮುದನಾಳದ ಹೊಲಗಳಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ಅಲ್ಲೊಬ್ಬಳು ಸಿಹಿತೆನೆ ಸುಟ್ಟು ಕೊಟ್ಟಳು. ಬಿಸಿಲು ಏರುವ ಮೊದಲು ನಡೆಯುವುದು, ಗಿಡದ ನೆರಳಲ್ಲಿ ಬಿಡುವುದು, ಹೊತ್ತು ಇಳಿದ ಮೇಲೆ ಮತ್ತೆ ನಡೆಯುವುದು. ನಾರಾಯಣಪೇಟೆಯಾಚೆ ಜನ ತೆಲುಗು ಮಾತಾಡಿದರು, ಅತ್ತೆ ಕನ್ನಡದಲ್ಲೇ ಜಗಳಾಡಿ ಹಾಲು ತರಿಸಿಕೊಂಡಳು. ನಿಜ ಹೇಳುತ್ತೇನೆ ಸುಗಲಿ, ಕಾಲು ಮುರಿದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆ ದಾರಿಯಲ್ಲೇ.

ಶಂಷಾಬಾದ್ ಹತ್ತಿರ ಬಂದಾಗ ಕಾಕಾನಿಗೆ ಚಳಿಜ್ವರ ಹತ್ತಿತು. ಹಲ್ಲು ಕಟಕಟ ಕಡಿಯುತ್ತ ಮೇವಿನ ಮೇಲೆ ಒರಗಿದ. ಎರಡು ದಿನ ನಿಲ್ಲೋಣವೆಂದ. ಅಷ್ಟರಲ್ಲಿ ಅತ್ತೆಯ ಪಾದ ಬಾತು ಬಣ್ಣ ತಿರುಗಿತ್ತು. ನಿಲ್ಲುವ ಹಾಗಿರಲಿಲ್ಲ. ಸೆರಗು ನಡುವಿಗೆ ಬಿಗಿದು, ಬಾರುಕೋಲು ಬದಿಗಿಟ್ಟು, ಹಗ್ಗ ನಾನೇ ಹಿಡಿದೆ. ಕಾಕಾ ಹಿಂದಿನಿಂದ "ಎಡಕ್ಕ… ಇನ್ನ ನೆಟ್ಟಗ…" ಎಂದು ನರಳುತ್ತ ದಾರಿ ಹೇಳುತ್ತಿದ್ದ. ಚಾರ್‌ಮಿನಾರ್ ಬರುವ ಹೊತ್ತಿಗೆ ಅವನ ದನಿ ಗದ್ದಲದಲ್ಲಿ ಮುಳುಗಿಹೋಯಿತು.

ಅಷ್ಟು ಜನ, ಅಷ್ಟು ಗಾಲಿ ನಾನು ಕನಸಿನಲ್ಲೂ ಕಂಡಿರಲಿಲ್ಲ. ಸೈಕಲ್ಲಿನವರು ಎತ್ತಿನ ಕೊಂಬಿನ ನಡುವೆ ತೂರಿಕೊಂಡು ಹೋಗುವವರ ಹಾಗೆ ಬರುತ್ತಾರೆ. ಟಾಂಗಾದವರು ಬೈಯುತ್ತಾರೆ. ಮಿಲಿಟರಿ ಲಾರಿ ಬಂದರೆ ಎಲ್ಲರೂ ಒಮ್ಮೆಲೇ ಒಂದೇ ಕಡೆ ಸರಿಯುತ್ತಾರೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡೆ. ಮೂಸಿ ಹೊಳೆ ಬರುವವರೆಗೆ ನಾನು ಯಾರ ಮುಖವನ್ನೂ ನೋಡಲಿಲ್ಲ, ಎತ್ತಿನ ಕಿವಿಗಳ ನಡುವಿನ ದಾರಿಯನ್ನಷ್ಟೇ ನೋಡಿದೆ. ಎತ್ತುಗಳು ಬೆದರಲಿಲ್ಲ. ಪ್ರತಿ ಹಾರ್ನಿಗೂ ನಿಂತು ಹಿಂಡಿ ಕೇಳಿದವು! ಒಂದೊಂದು ತುಣುಕು ಕೊಡುತ್ತ, ಮುಂದೆ ನಡೆಸುತ್ತ, ಮೂಸಿಯ ಮೇಲಿನ ನಯಾಪುಲ್ ಸೇತುವೆ ಏರುವಾಗ ಹಿಂಡಿ ಮುಗಿದಿತ್ತು. ಪೂಲಿನ ಆಚೆ ದವಾಖಾನೆಯ ಗುಮ್ಮಟ ಕಾಣುತ್ತಿತ್ತು.

ನಡುಪೂಲಿನಲ್ಲಿ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯಿತು. ಎತ್ತುಗಳು ನಿಂತವು. ಇನ್ನೊಮ್ಮೆ ಹೊಡೆಯಿತು. ಎರಡೂ ತಲೆ ತಿರುಗಿಸಿ ನನ್ನನ್ನು ನೋಡಿದವು. ಆಮೇಲೆ ಹಿಂದಿದ್ದವರೆಲ್ಲ ಹೊಡೆಯತೊಡಗಿದರು, ಪೊಲೀಸಿನವನು ಸೀಟಿ ಊದಿದ. ಹೊಡೆದಷ್ಟೂ ಅವು ಕಾಲೂರಿ ನಿಂತವು.

"ಯಾಕ ನಿಂತಿ ರೇಣಿ?" ಎಂದಳು ಒಳಗಿನಿಂದ ಅತ್ತೆ.

"ಎತ್ತು ಹಿಂಡಿ ಬೇಡಾಕತ್ಯಾವ್ರಿ ಅತ್ತಿ."

"ಕೊಟ್ಟು ನಡಿ ಮತ್ತ!"

"ತೀರೈತ್ರಿ."

ಬಸ್ಸಿನ ಡ್ರೈವರು ಇಳಿದು ಬಂದ. ಖಾಕಿ ಅಂಗಿ, ಕೈಯಲ್ಲಿ ಎಣ್ಣೆಯ ಅರಿವೆ. "ಅರೇ ಬಂಡಿ ಹಟಾವ್! ಸಡಕ್ ನಿಮ್ಮಪ್ಪಂದೇನು?" ಎಂದು ಉರ್ದು ಕನ್ನಡ ಕಲಸಿ ಕೂಗುತ್ತ ಎತ್ತಿನ ಪಕ್ಕಕ್ಕೆ ಬಂದವನು ಹಾಗೆಯೇ ನಿಂತ. ನಿನ್ನ ಭಾವ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು.

"ರೇಣಿ?" ಅಂದರು.

ಇಷ್ಟು ವರ್ಷದಲ್ಲಿ ಅವರಿಗೆ ಹೇಳಬೇಕೆಂದು ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಹಾರ್ನ್ ಹೊಡೀಬ್ಯಾಡ್ರಿ. ಹೊಡದಷ್ಟು ನಿಲ್ತಾವ."

"ಒಳಗ ಯಾರದಾರ?"

"ನಿಮ್ಮವ್ವ. ಕಾಲು ಮುರದೈತಿ."

ಅವರು ತಿರುಗಿ ಎರಡೂ ಕೈ ಎತ್ತಿ ಹಿಂದಿನವರಿಗೆ, ಹಾರ್ನ್ ನಿಲ್ಲಿಸಿ ಎಂದು ಕೂಗಿದರು. ಬಸ್ಸಿನ ಜನ ಬೈಯುತ್ತಿದ್ದರು, ಕಂಡಕ್ಟರು ಓಡಿಬಂದು ತೋಳು ಹಿಡಿದು ಜಗ್ಗಿದ. ಕೊಡವಿಕೊಂಡು, ಎತ್ತಿನ ಮೂಗುದಾರಕ್ಕೆ ಕೈಹಾಕಿ, ಗಲ್ಲ ಸವರಿ, ಸಣ್ಣಂದಿನಲ್ಲಿ ಕುರಿ ಕರೆಯುತ್ತಿದ್ದ ಹಾಗೆ ತುಟಿಯಲ್ಲಿ ಸದ್ದು ಮಾಡುತ್ತ ಮುಂದೆ ನಡೆದರು. ಎತ್ತುಗಳು ಹಿಂದೆ ನಡೆದವು. ಬಸ್ಸು ಪೂಲಿನ ಮೇಲೆಯೇ ನಿಂತಿತ್ತು.

"ಯಾರು ಅವ, ಮುಂದ ಹೊಂಟಾವ?" ಎಂದಳು ಅತ್ತೆ.

"ದಾರಿ ಬಲ್ಲವರು ಒಬ್ರು ಸಿಕ್ಕಾರ್ರಿ."

ತೊಟ್ಟಿಲಿನ ಹಗ್ಗ ಕಿರುಗುಟ್ಟಿತು, ಅತ್ತೆ ತಲೆ ಎತ್ತಿ ಮುಂದೆ ನೋಡಿರಬೇಕು. ಆಮೇಲೆ ಅಂದಳು, "ಸಾವಕಾಶ ನಡೀ ಅಂತ ಹೇಳು ಅವಂಗ. ಮೊದಲಿಂದ್ಲೂ ಅವಸರ ಅವಂದು."

ದವಾಖಾನೆಯ ಮೆಟ್ಟಿಲ ಹತ್ತಿರ ಸ್ಟ್ರೆಚರ್ ಬರುವವರೆಗೂ ಅವರು ಕಾಯಲಿಲ್ಲ. ಕಾಲಿನ ಕಟ್ಟು ನನಗೆ ಹಿಡಿಯಲು ಹೇಳಿ, ಕಂಬಳಿಯ ಸಮೇತ ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡರು. ಅತ್ತೆ ನೋವಿಗೆ ಹಲ್ಲು ಕಚ್ಚಿದ್ದಳು. ಆದರೂ ಕೈ ಮಗನ ಕೊರಳಿಗೆ ಹೋಯಿತು. ಅಂಗಿಯೊಳಗಿನ ಎಲುಬು ಮುಟ್ಟಿ ನೋಡಿ, "ಬಡಕಲಾಗೀಯಲ್ಲೋ" ಅಂದಳು. ಅವರು ಮೆಟ್ಟಿಲ ಮೇಲೆಯೇ ಅತ್ತುಬಿಟ್ಟರು, ಅಷ್ಟು ಜನರ ಮುಂದೆ. ನಾನು ಕಾಲು ಹಿಡಿದಿದ್ದೆ, ಅಳಲು ಕೈ ಬಿಡುವಿರಲಿಲ್ಲ.

ಈಗ ಕಾಲಿಗೆ ರಾಟೆ ಹಚ್ಚಿ ತೂಕ ಕಟ್ಟಿದ್ದಾರೆ. ಬಾವು ಇಳಿದಿದೆ. ಯುಗಾದಿ ಕಳೆದ ಮೇಲೆ ಎಬ್ಬಿಸಿ ಕೂಡಿಸುತ್ತಾರಂತೆ, ಮಳೆಗಾಲದ ಹೊತ್ತಿಗೆ ಕೋಲೂರಿ ನಡೆಯುತ್ತಾಳೆಂದು ದೊಡ್ಡ ಡಾಕ್ಟರರು ಬಾಯಿಬಿಟ್ಟು ಹೇಳಿದ್ದಾರೆ. ತುಸು ಕುಂಟು ಉಳಿಯಬಹುದು, ಉಳಿಯಲಿ. ಕಾಕಾ ಜ್ವರ ಬಿಟ್ಟು ಎದ್ದಿದ್ದಾನೆ, ಹಳೆಯ ಟಾಂಗಾದ ಗೆಳೆಯರನ್ನು ಹುಡುಕಿಕೊಂಡು ತಿರುಗುತ್ತಾನೆ. ಬಸ್ಸು ಬಿಟ್ಟು ಹೋದದ್ದಕ್ಕೆ ನಿನ್ನ ಭಾವನನ್ನು ಕೆಲವು ದಿನ ಗಾಡಿ ತೊಳೆಯುವ ಕೆಲಸಕ್ಕೆ ಹಾಕಿದ್ದಾರೆ. ಅವರು ಬೇಜಾರು ಮಾಡಿಕೊಂಡಿಲ್ಲ. ಬೆಳಿಗ್ಗೆ ನಾನು ಬಂಡಿಯ ಒಲೆಯ ಮೇಲೆ ರೊಟ್ಟಿ ಬಡಿಯುತ್ತೇನೆ, ಅವರು ತಾಯಿಗೆ ಒಯ್ದು ಕೊಡುತ್ತಾರೆ. ತಾಯಿಮಗನ ನಡುವೆ ಮಾತು ಇನ್ನೂ ಕಡಿಮೆ. ನಿನ್ನೆ ಮಾತ್ರ ಅತ್ತೆ, ಮೋಟಾರು ಕುರಿಗಿಂತ ಹೆಚ್ಚು ತಿನ್ನುತ್ತದೆಯೋ ಹೇಗೆ ಎಂದು ಕೇಳಿದಳಂತೆ.

ನೀನು ಶಹಾಪುರಕ್ಕೆ ಹೋಗಿ, ನಾನು ಕುರಿಗಳನ್ನು ಒಪ್ಪಿಸಿ ಬಂದ ಬಾಲಮ್ಮನ ಜೊತೆ ಅವನ್ನು ನೋಡಿಕೋ. ಈದ ಕುರಿಗಳನ್ನು ದೂರ ಬಿಡಬೇಡಿರಿ. ಮುಂಗಾರಿಗೆ ಬರುತ್ತೇವೆ. ಎಷ್ಟು ಜನ ಬರುತ್ತೇವೆಂಬುದು ಇನ್ನೂ ಗೊತ್ತಿಲ್ಲ. ಅವ್ವ ಕರೆದರೆ ಬರುತ್ತೇನೆಂದು ನಿನ್ನ ಭಾವ ಅನ್ನುತ್ತಿದ್ದಾರೆ.

ಮಕ್ಕಳಿಗೆ ಮುತ್ತು.

ನಿನ್ನ ಅಕ್ಕ,
ರೇಣಮ್ಮ

ತಾ. ಕ.: ನಯಾಪುಲ್ ಮೇಲೆ ಅವರೇ ಸಿಕ್ಕಿದ್ದು ದೇವರ ದಯೆ ಎಂದು ಅತ್ತೆ ವಾರ್ಡಿನವರಿಗೆಲ್ಲ ಹೇಳುತ್ತಾಳೆ. ನಿನಗೊಬ್ಬಳಿಗೆ ಬರೆಯುತ್ತೇನೆ, ಅವಳ ಕಿವಿಗೆ ಬೀಳದಿರಲಿ. ಪಡುವಣದಲ್ಲಿ ಪುರಾನಾಪುಲ್ ಅಂತ ಇನ್ನೊಂದು ಪೂಲಿದೆ, ಗದ್ದಲವಿಲ್ಲ, ನಮ್ಮ ದಾರಿಗೂ ಹತ್ತಿರ. ಕಾಕಾ ಊರಲ್ಲೇ ಹೇಳಿದ್ದ. ಅಬ್ಬೆತುಮಕೂರಿನ ಮಠಕ್ಕೆ ಬಂದಿದ್ದ ಹೈದರಾಬಾದಿನವರು, ನಿನ್ನ ಭಾವ ಸಿಟಿ ಬಸ್ಸು ಓಡಿಸುತ್ತಾರೆ, ದಿನಾ ನಯಾಪುಲ್ ದಾಟುತ್ತಾರೆ ಅಂದಿದ್ದರು. ಸುದ್ದಿ ಕಳಿಸಬಾರದೆಂದು ಅತ್ತೆ ಕರಾರು ಹಾಕಿದ್ದಳು, ಕಳಿಸಲಿಲ್ಲ. ಪೂಲಿನ ಈಚೆ ಎತ್ತು ನಿಲ್ಲಿಸಿ, ಬರುವ ಬಸ್ಸಿನ ಡ್ರೈವರುಗಳ ಮುಖ ನೋಡುತ್ತ ನಿಂತೆ. ಅವರ ಬಸ್ಸು ಕಂಡ ಮೇಲೆಯೇ ಬಂಡಿಯನ್ನು ಅದರ ಮುಂದೆ ಏರಿಸಿದೆ.