ಕೊನೆಯ ತಿರುಪು

ನಿಶ್,
ಡಿಸೆಂಬರ್ ೯, ಶನಿವಾರ

ಪ್ರೀತಿಯ ತಿಹೊಮಿರ್,

ಫೋನಿನಲ್ಲಿ ಕೂಗಿದರೆ ನಿನ್ನೊಬ್ಬನಿಗೆ ಬಿಟ್ಟು ಇಡೀ ಬೀದಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ನಿನ್ನ ತಂಗಿ ರುಜಿತ್ಸಾ ದಿನಾ ನಿನಗೆ ಊಟದ ಜೊತೆ ನನ್ನ ಮೇಲಿನ ದೂರನ್ನೂ ಬಡಿಸುತ್ತಿರಬಹುದು. ಅದು ನಿನ್ನ ಕಿವಿಗೆ ಬೀಳದಿರುವುದು ಸದ್ಯಕ್ಕೆ ನನ್ನ ಪುಣ್ಯ.

ಇಲ್ಲಿ ಎಲ್ಲ ಕ್ಷೇಮ. ನೀನು ಎಲ್ಲಿ ಎಂದು ಎದುರುಮನೆಯ ಯಾಗೊದಾ ಕೇಳಿದಳು. ಸೊಂಬೋರಿನಲ್ಲಿ ತಂಗಿಗೆ ಕಾಲುನೋವು, ನೋಡಿಕೊಳ್ಳಲು ಹೋಗಿದ್ದಾನೆ ಎಂದೆ. "ಅಲ್ಲಿಯ ಕಾಲುನೋವಿಗೆ ಹೋದನೋ, ಇಲ್ಲಿಯ ತಲೆನೋವಿಗೆ ಹೋದನೋ?" ಅಂದಳು. ಜೀವಮಾನವೆಲ್ಲ ಹಲ್ಲುಸೆಟ್ಟು ಮಾಡಿದವಳು. ಬಾಯಿ ಸುಳ್ಳು ಹೇಳಿದರೆ ಅವಳಿಗೆ ಬೇಗ ತಿಳಿಯುತ್ತದೆ.

ನೀನು ಹೊರಟ ದಿನ ನಾನು ಹೇಳಿದ ಒಂದು ಮಾತೂ ನಿನಗೆ ಕೇಳಿಸಲಿಲ್ಲವಲ್ಲ, ಹಾಗಾಗಿ ನನ್ನ ಕಡೆಯದನ್ನು ಇಲ್ಲಿ ಬರೆಯುತ್ತೇನೆ. ನಿನ್ನ ಕಿವಿಯ ಮಿಷನ್ನು ಬೆಳಿಗ್ಗೆ ಚಾರ್ಜ್ ಆದರೆ ಮಧ್ಯಾಹ್ನಕ್ಕೆ ಮಲಗುತ್ತಿತ್ತು. ಬ್ಯಾಟರಿಗೆ ವಯಸ್ಸಾಗಿತ್ತು, ಅಷ್ಟೇ. ಅಂಗಡಿಗೆ ಒಯ್ದರೆ ಅಲ್ಲಿದ್ದ ಹೆಂಗಸು, "ಅಜ್ಜಿ, ಇದರಲ್ಲಿ ಬ್ಯಾಟರಿ ಬದಲಾಯಿಸೋಕೆ ಬರಲ್ಲ. ಹೊಸದೇ ತಗೋಬೇಕು" ಅಂದಳು. ಯಾಕೆ ಬರಲ್ಲ ಎಂದೆ. "ಅಂಟು ಹಾಕಿ ಮುಚ್ಚಿದ್ದಾರೆ" ಅಂದಳು, ದೇವರೇ ಮುಚ್ಚಿದ ಹಾಗೆ. ಇಂಜಿನಿಯರಾಗಿ ನಿವೃತ್ತಳಾದವಳನ್ನು ಅಜ್ಜಿ ಎಂದದ್ದನ್ನಾದರೂ ಕ್ಷಮಿಸಬಹುದಿತ್ತು. ಅರ್ಧ ದಿನಕ್ಕೇ ದಣಿಯುವ ಒಂದು ಕಡಲೆಕಾಳಿನಷ್ಟು ಬ್ಯಾಟರಿಗಾಗಿ, ಚೆನ್ನಾಗಿರುವ ಮೈಕು, ಚೆನ್ನಾಗಿರುವ ಚಿಪ್, ಎಲ್ಲವನ್ನೂ ಕಸಕ್ಕೆ ಹಾಕು ಎಂದದ್ದನ್ನು ಹೇಗೆ ಕ್ಷಮಿಸಲಿ? ನನ್ನ ಮಂತ್ರ ನಿನಗೆ ಗೊತ್ತೇ ಇದೆ: ಬಿಚ್ಚಲು ಬಾರದ್ದನ್ನು ಮೆಚ್ಚಲು ಬಾರದು.

ನೀನು "ಬಿಡು ಮಾರಾಯ್ತಿ, ಅರ್ಧ ದಿನ ಕೇಳಿಸಿದರೆ ನನಗೆ ಸಾಕು" ಅಂದೆ. ನಿನಗೆ ಸಾಕಾಯಿತು, ನನಗಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಈ ಅಡುಗೆಮನೆಯ ಮೇಜಿನ ಮೇಲೆ ಬಿಡಿಭಾಗಗಳನ್ನು ಬೆಸೆದು ನಾವು ಕಂಪ್ಯೂಟರ್ ಕಟ್ಟಿದ್ದು ನೆನಪಿದೆಯಾ? ರೇಡಿಯೊದವರು ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಕೀಂ, ಕರ್ರ್ ಎಂಬ ಸದ್ದಾಗಿ ಗಾಳಿಯಲ್ಲಿ ತೇಲಿಬಿಡುತ್ತಿದ್ದರು, ನಾವು ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದೆವು. ಕಂಪ್ಯೂಟರಿಗೆ ಉಣಿಸುವ ಮೊದಲೇ ನೀನು, "ಇದು ಓಡಲ್ಲ ಕಣೆ, ಟೇಪು ಜಗ್ಗಿದೆ, ಶ್ರುತಿ ಇಳಿದಿದೆ" ಅನ್ನುತ್ತಿದ್ದೆ. ಸಂಗೀತದ ಮೇಷ್ಟ್ರಿಗೆ ಇದರ ಗೊಡವೆ ಯಾಕೆ ಎಂದು ನಾನು ನಕ್ಕು ಟೇಪು ಹಾಕಿದರೆ ನಿಜಕ್ಕೂ ಓಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನನಗೆ ಅಳೆಯುವ ಯಂತ್ರಗಳಿದ್ದವು, ಮನೆಯಲ್ಲಿ ನಿನ್ನ ಕಿವಿಯಿತ್ತು. ಅಂಥ ಕಿವಿಗೆ ಅರ್ಧ ದಿನದ ರೇಷನ್ನು ಎಂದರೆ ನಾನು ಕೈಕಟ್ಟಿ ಕೂರಲೇ?

ಹಾಗಾಗಿ ನೀನು ಮಧ್ಯಾಹ್ನ ಮಲಗಿದಾಗ ಮಿಷನ್ನಿಗೆ ಬಿಸಿಗಾಳಿ ಹಿಡಿದೆ. ಅಂಟು ಕರಗುವ ಮೊದಲು ಕವಚ ಒಡೆಯಿತು. ನೀನು ಎದ್ದು ಬಂದು, ಮೇಜಿನ ಮೇಲಿನ ಚೂರುಗಳನ್ನು ನೋಡಿ, ಬಯ್ಯಲಿಲ್ಲ. "ಅರ್ಧ ದಿನ ಇತ್ತು, ದೆಸಾಂಕಾ. ಅದನ್ನೂ ಬಿಚ್ಚಿಬಿಟ್ಟೆ" ಅಂದೆ. ಹಾಗಂದವನೇ ಸೊಂಬೋರಿಗೆ ಚೀಲ ಕಟ್ಟಿಕೊಂಡೆ.

ಆಮೇಲೆ ಚೂರುಗಳನ್ನು ಮುಂದಿಟ್ಟುಕೊಂಡು ಯೋಚಿಸಿದೆ. ಅಂಟು ಹಾಕಿದವನು ಮೂರ್ಖನಲ್ಲ. ಅವನು ಬೆವರಿಗೆ ಹೆದರಿದವನು. ತಿರುಪಿನ ತೂತಿದ್ದರೆ ಬೆವರು ಇಳಿಯುತ್ತದೆ, ದಪ್ಪವಿದ್ದರೆ ಕಿವಿ ನೋಯುತ್ತದೆ. ಅಷ್ಟನ್ನು ಒಪ್ಪುತ್ತೇನೆ. ಆದರೆ ಬಳಸುವವನನ್ನು ಒಂದು ಮಾತು ಕೇಳದೆ ಶಾಶ್ವತವಾಗಿ ಮುಚ್ಚಿಬಿಟ್ಟನಲ್ಲ, ಅದು ಅಹಂಕಾರ ಎಂದು ಬರೆಯಹೊರಟೆ. ಪೆನ್ನು ಅಲ್ಲೇ ನಿಂತಿತು. ಬಳಸುವವನನ್ನು ಒಂದು ಮಾತು ಕೇಳದೆ ಬಿಚ್ಚಿದವಳು ಯಾರು? ಅವನು ಮುಚ್ಚಿ ಕೆಡಿಸಿದ, ನಾನು ಬಿಚ್ಚಿ ಕೆಡಿಸಿದೆ. ನಿನ್ನ ಕಿವಿ ನಿನ್ನದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಈಗ ಪಾರ್ಸೆಲ್ ಬಿಚ್ಚು. (ಇದನ್ನು ಬಿಚ್ಚಲು ಬರುತ್ತದೆ, ಬರೀ ದಾರ.) ಒಳಗಿರುವುದು ಅದೇ ಮಿಷನ್ನು. ಬ್ಯಾಟರಿ ಬೇರೆಯದು, ಯಾರೋ ಜೋಡಿಯಲ್ಲೊಂದನ್ನು ಕಳೆದುಕೊಂಡು ಬಿಟ್ಟ ವೈರಿಲ್ಲದ ಇಯರ್‌ಫೋನಿನಿಂದ ತೆಗೆದದ್ದು. ಕವಚವನ್ನು ಯಾಗೊದಾ ಹಲ್ಲುಸೆಟ್ಟಿನ ಸಾಮಾನಿನಲ್ಲಿ ಎರಕ ಹೊಯ್ದಳು. ಬಣ್ಣ ಒಸಡಿನದು, ಬೇರೆ ಬಣ್ಣ ಅವಳಲ್ಲಿ ಇಲ್ಲ. "ಕಿವಿಗೆ ಒಸಡು ಬಂತು, ಇನ್ನು ಹಲ್ಲು ಬಂದರೆ ನಿನ್ನನ್ನೇ ಕಚ್ಚಲಿ" ಎಂದು ಹರಸಿದ್ದಾಳೆ. ಸ್ವಲ್ಪ ದಪ್ಪವಾಗಿದೆ. ನೋಯುತ್ತದೆಯಾ ಎಂದು ನೀನೇ ಹೇಳಬೇಕು, ಈ ಸಲ ಕೇಳುತ್ತಿದ್ದೇನೆ.

ಪರೀಕ್ಷೆಗೆಂದು ನನ್ನ ಕಿವಿಗೇ ಹಾಕಿಕೊಂಡು ಕೂತೆ. ಫ್ರಿಜ್ಜು ಗುಂಯ್ ಅಂದಿತು, ನಲ್ಲಿ ತೊಟ್ಟಿಕ್ಕಿತು. ಅಷ್ಟೇ. ಮಿಷನ್ನು ಸರಿಯಿದೆ, ತಿಹೊಮಿರ್. ಮನೆಯಲ್ಲೇ ಕೇಳಿಸಿಕೊಳ್ಳಲು ಏನೂ ಇಲ್ಲ.

ಹತ್ತೊಂಬತ್ತಕ್ಕೆ ಸಂತ ನಿಕೊಲಾನ ದಿನ, ನಮ್ಮ ಮನೆತನದ ಸಂತನ ಹಬ್ಬ, ಸ್ಲಾವಾ. ಪಾದ್ರಿ ನಿನ್ನೆ ಬಂದು, "ಹಬ್ಬದ ರೊಟ್ಟಿಯನ್ನು ನನ್ನ ಜೊತೆ ಹಿಡಿದು ತಿರುಗಿಸೋಕೆ ಯಜಮಾನ ಬೇಕಲ್ಲಮ್ಮ, ಎಲ್ಲಿ?" ಎಂದರು. ಕಾಲುನೋವಿನ ಕಥೆಯನ್ನು ಅವರಿಗೆ ಹೇಳದೆ ಕಾಫಿ ಕೊಟ್ಟು ಕಳಿಸಿದೆ. ಹಬ್ಬಕ್ಕೆ ಕಾರ್ಪ್ ಮೀನು ತರಹೇಳಿದ್ದೇನೆ, ಬೀನ್ಸ್ ನೆನೆಹಾಕುತ್ತೇನೆ. ನಿನ್ನ ತಂದೆಯ ಕಾಲದಿಂದ ಈ ಮನೆಯ ರೊಟ್ಟಿ ಗಂಡಸರ ಕೈಯಲ್ಲೇ ತಿರುಗಿದೆ. ನನ್ನ ಕೈಗೆ ತಿರುಪು ತಿರುಗಿಸುವುದಷ್ಟೇ ಬರುತ್ತದೆ.

ನಿನ್ನನ್ನು ಕರೆಯುತ್ತಿಲ್ಲ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿದ್ದವರು ಬರುತ್ತಾರೆ, ಬಾಗಿಲು ತೆರೆದಿರುತ್ತದೆ.

ನಿನ್ನ,
ದೆಸಾಂಕಾ

ತಾ. ಕ.: ಕವಚಕ್ಕೆ ಅಂಟು ಹಾಕಿಲ್ಲ, ಸದ್ಯಕ್ಕೆ ಗಾಯದ ಪಟ್ಟಿ ಸುತ್ತಿದ್ದೇನೆ. ನಮ್ಮ ಕಾರ್ಖಾನೆಯ ಪದ್ಧತಿ ನಿನಗೆ ಗೊತ್ತು: ಕೊನೆಯ ತಿರುಪು ಬಿಗಿಯುವುದು ಕಟ್ಟಿದವರಲ್ಲ, ಬಳಸುವವರು. ಆ ಕಂಪ್ಯೂಟರಿನದ್ದನ್ನು ನೀನೇ ಬೆಣ್ಣೆಚಾಕುವಿನಲ್ಲಿ ಬಿಗಿದೆ. ಇದರದ್ದು ಕನ್ನಡಕದ ತಿರುಪಿನಷ್ಟು ಚಿಕ್ಕದು. ಪಾರ್ಸೆಲ್ಲಿನಲ್ಲಿ ಹುಡುಕಬೇಡ, ಇಲ್ಲೇ ಇದೆ, ಸ್ಲಾವಾದ ಮೇಣದಬತ್ತಿಯ ಪಕ್ಕದ ತಟ್ಟೆಯಲ್ಲಿ. ಅಲ್ಲಿಯವರೆಗೆ ರುಜಿತ್ಸಾ ನನ್ನನ್ನು ಬೈದಾಗ ಹೌದು ಹೌದು ಎಂದು ಜೋರಾಗಿ ತಲೆಯಾಡಿಸಬೇಡ, ಕವಚ ಕಳಚಿ ಬೀಳುತ್ತದೆ.