ಒತ್ತಕ್ಷರ ಕಾಣದ ಜೂನ್

ಜೂನ್ 3, ಸೋಮವಾರ

ಹೆಡ್‌ಮಾಸ್ಟರರ ಆತ್ಮಕಥೆ, ನಾಲ್ಕನೇ ಅಧ್ಯಾಯದ ಪ್ರೂಫ್. ನಿವೃತ್ತರಾದರೂ ದನಿ ಇಳಿಸಿಲ್ಲ. ಪ್ರತಿ ವಾಕ್ಯದ ಕೊನೆಗೂ ಆಶ್ಚರ್ಯಸೂಚಕ. ‘ನಾನು ಹುಟ್ಟಿದೆ!’ ಅಂತೆ. ಹುಟ್ಟಿದ್ದಕ್ಕೆ ಅವರಿಗೇ ಅಷ್ಟು ಆಶ್ಚರ್ಯವಾದರೆ ಓದುವವರ ಗತಿಯೇನು? ಹೊಡೆದುಹಾಕಿ ಹೊಡೆದುಹಾಕಿ ಕೆಂಪು ಪೆನ್ನಿನ ಶಾಯಿ ಮುಗಿಯಿತು.

ಮಧ್ಯಾಹ್ನ ಕಂಪ್ಯೂಟರ್ ಪರದೆಯ ಮೇಲೊಂದು ಸೊಳ್ಳೆ. ಒರೆಸಿದೆ, ಹೋಗಲಿಲ್ಲ. ಗೋಡೆ ನೋಡಿದೆ, ಗೋಡೆಗೂ ಬಂತು. ಸೊಳ್ಳೆ ಇರುವುದು ಕಣ್ಣೊಳಗೆ. ಥಟ್ಟನೆ ತಲೆ ತಿರುಗಿಸಿದರೆ ಬಲಗಣ್ಣಿನ ಅಂಚಿನಲ್ಲಿ ಯಾರೋ ಫೋಟೋ ಹೊಡೆದಂತೆ ಬೆಳಕು. ನಿದ್ದೆ ಸಾಲದು. ಅಷ್ಟೇ ಇರಬೇಕು.

ಮುಖ್ಯ ಸಂಗತಿ ಬಿಟ್ಟೇ ಬಿಟ್ಟೆ. ಪ್ರಕಾಶನದ ಮೇಡಂ ಮೇಲ್ ಕಳಿಸಿದ್ದಾರೆ! (ಹೆಡ್‌ಮಾಸ್ಟರರ ರೋಗ ನನಗೂ ಅಂಟಿತು.) ಹದಿಹರೆಯದವರ ಹೊಸ ಸರಣಿಗೆ ನನ್ನ ಕಾದಂಬರಿ, ಒಬ್ಬ ಗೋಲ್‌ಕೀಪರ್ ಹುಡುಗಿಯ ಕಥೆ, ಆಯ್ಕೆಯಾಗಿದೆ. ಆದರೆ... ಕೊನೆಯ ಅಧ್ಯಾಯ ಸಪ್ಪೆ, ಈ ತಿಂಗಳೊಳಗೆ ಮತ್ತೆ ಬರೆದುಕೊಡಿ. ಇಷ್ಟು ವರ್ಷ ಕಂಡವರ ಪುಸ್ತಕ ತಿದ್ದಿದ್ದೇ ತಿದ್ದಿದ್ದು. ಈಗ ನನ್ನದೇ ಒಂದು.

ಮೆಟ್ಟಿಲಿಳಿದು ಓಡಿದೆ. ಅಕ್ಕ ಬ್ಯಾಂಕಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. “ಹೌದಾ! ಹಾಗಾದ್ರೆ ಇನ್ಮೇಲೆ ನಿನ್ನ ತಪ್ಪು ತಿದ್ದೋರು ಯಾರೇ?” ಎಂದಳು. ಕಣ್ಣಲ್ಲಿ ನೀರಿತ್ತು, ತೋರಿಸಿಕೊಳ್ಳಲಿಲ್ಲ.

ಅವಳ ಮಗಳು ಪಿಟೀಲು. ಹುಟ್ಟಿದಾಗಿನಿಂದ ಒಂದೇ ಸಮ ಕುಯ್ಯುತ್ತಾಳೆ, ಅದಕ್ಕೇ ಆ ಹೆಸರು. ಈಗ ಒಂಬತ್ತನೇ ಕ್ಲಾಸು, ಕುಯ್ಯುವುದು ನಿಂತಿಲ್ಲ. “ಕೊನೇ ಚಾಪ್ಟರ್ ಬೋರು ಅಂತ ನಾನು ಆಗ್ಲೇ ಹೇಳಿರ್ಲಿಲ್ವಾ ಚಿಕ್ಕಿ? ಗೋಲ್ ಬಿಟ್ಟ ಗೋಲ್‌ಕೀಪರ್ ‘ನನ್ನ ಹೃದಯ ಭಾರವಾಯಿತು’ ಅಂತ ಅಂದ್ಕೋತಾಳಾ ಯಾರಾದ್ರೂ?”

ಮತ್ತೇನು ಅಂದುಕೊಳ್ಳುತ್ತಾಳೆ? ಯೋಚಿಸಬೇಕು.

ಜೂನ್ 8, ಶನಿವಾರ

ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವಳ ಫೋನ್. ಎಷ್ಟೋ ಪುಸ್ತಕ ಜೊತೆಗೇ ಮುಗಿಸಿದ್ದೇವೆ, ಮುಖ ನೋಡಿದ್ದು ಕಡಿಮೆ.

“ಏನ್ರೀ ಇದು, ನಾಲ್ಕನೇ ಅಧ್ಯಾಯದಲ್ಲಿ ಸಾಲುಸಾಲಿಗೂ ‘ಒತ್ತು ಬಿಟ್ಟಿದೆ’ ಅಂತ ಗುರುತು ಹಾಕಿದ್ದೀರಿ? ಎಲ್ಲಾ ಒತ್ತೂ ಇದ್ದಲ್ಲೇ ಇವೆ ಕಣ್ರೀ.”

“ನನಗೆ ಬಂದಿದ್ದು ಹಳೇ ಪ್ರಿಂಟ್ ಇರಬೇಕು” ಎಂದೆ. ನಕ್ಕೆ. ಅವಳೂ ನಕ್ಕಳು. ಫೋನ್ ಇಟ್ಟೆ.

ಪ್ರೂಫ್ ಹಿಡಿದು ಕಿಟಕಿಯ ಹತ್ತಿರ ನಿಂತೆ. ‘ಅಕ್ಕ’ ಎಂದು ಇರಬೇಕಾದಲ್ಲಿ ‘ಅಕ’. ‘ಕಟ್ಟಡ’ ಇರಬೇಕಾದಲ್ಲಿ ‘ಕಟಡ’. ನೋಟ ಸ್ವಲ್ಪ ಕೆಳಗಿಳಿಸಿದರೆ ಒತ್ತು ಹಣಕಿ ಹಾಕುತ್ತದೆ. ನೇರ ನೋಡಿದರೆ ಮಾಯ. ಅಕ್ಷರಗಳನ್ನೆಲ್ಲ ಮೊಣಕಾಲುದ್ದದ ಮಂಜಿನಲ್ಲಿ ನಿಲ್ಲಿಸಿದಂತೆ.

ನನಗೆ ಇರುವುದು ಒಂದೇ ಕಣ್ಣು. ಎಡಗಣ್ಣು ಹುಟ್ಟಾ ಸೋಮಾರಿ, ಮುಖಕ್ಕೊಂದು ಜೋಡಿ ಬೇಕಲ್ಲ ಎಂದು ಇದೆ. ಅದರಲ್ಲಿ ಅಂಗಡಿಯ ಬೋರ್ಡು ಓದಲೂ ತಡವರಿಸುತ್ತೇನೆ. ಓದಿದ್ದು, ತಿದ್ದಿದ್ದು, ಅನ್ನ ಸಂಪಾದಿಸಿದ್ದು ಎಲ್ಲ ಬಲಗಣ್ಣಿನಿಂದಲೇ.

ಆಯಾಸ. ಆಯಾಸವೇ.

ಜೂನ್ 9, ಭಾನುವಾರ

ಕಣ್ಣಿಗೆ ಏನಾಗಿದೆ ಎಂದು ಫೋನಿನಲ್ಲಿ ಹುಡುಕಿದೆ. ಮೊದಲ ಎರಡು ಸಾಲು ಓದಿ ಫೋನ್ ಮಗುಚಿ ಹಾಕಿದೆ. ತಿರುಗಿ ಎತ್ತಿಕೊಳ್ಳಲು ಕೈ ಬರಲಿಲ್ಲ.

ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡೆ. ಒಂದು ಪುಟಕ್ಕೆ ನಾಲ್ಕೈದು ಸಾಲು. ಕೊನೆಯ ಅಧ್ಯಾಯ ಶುರು. ಗೋಲ್‌ಕೀಪರ್ ಹುಡುಗಿ ಪಂದ್ಯ ಸೋತು ಬಂದು ಬೂಟಿನ ಲೇಸ್ ಬಿಚ್ಚುತ್ತಿದ್ದಾಳೆ. ಅವಳನ್ನು ಅಲ್ಲೇ ಬಿಟ್ಟು ಸುಮ್ಮನೆ ಕೂತಿದ್ದೆ. ಈಗ ಆಸ್ಪತ್ರೆ ಅಂದರೆ ಪುಸ್ತಕ ಹೋಯಿತು. ಅಷ್ಟೇ ಆಗಿದ್ದರೆ... ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮುಖ ಸಣ್ಣದು ಮಾಡಿಕೊಂಡು, ಏನೋ ಒಂದು ಹೇಳಿಬಿಡುತ್ತಾರೆ. ಹೇಳುವ ತನಕ ಅದು ನಿಜವಲ್ಲ.

ಇಳಿಯುವಾಗ ಕೊನೆಯ ಮೆಟ್ಟಿಲು ಕಾಣಲಿಲ್ಲ. ಮುಗ್ಗರಿಸಿದೆ. “ಹಾಳು ಚಪ್ಪಲಿ” ಎಂದೆ. ಅಕ್ಕ ಚಪ್ಪಲಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಸದ್ಯ.

ಜೂನ್ 11, ಮಂಗಳವಾರ

ಕನ್ನಡಕದ ಅಂಗಡಿಗೆ ಹೋದೆ. ನಂಬರ್ ಬದಲಾಗಿರಬೇಕು, ಅದಕ್ಕಿಂತ ಹೆಚ್ಚಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಂಗಡಿಯವರು ಹರಟೆಮಲ್ಲರು. ಲೆನ್ಸ್ ಬದಲಿಸುತ್ತ ಅಳಿಯನ ಮೇಲೆ ದೂರು ಹೇಳುತ್ತಿದ್ದರು. ಎಷ್ಟು ಲೆನ್ಸ್ ಹಾಕಿದರೂ ಕೆಳಗಿನ ಸಾಲು ಬರಲಿಲ್ಲ. ಅಳಿಯನ ಕಥೆ ಅರ್ಧಕ್ಕೇ ನಿಂತಿತು.

“ಇದು ನನ್ನ ಕೈಲಾಗೋದಲ್ಲಮ್ಮ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಜೊತೆಗೆ ಯಾರಿದಾರೆ?”

“ಅಕ್ಕ ಇದ್ದಾಳೆ.”

“ಕರ್ಕೊಂಡೇ ಹೋಗಿ. ನಾಳೆ ಅನ್ಬೇಡಿ.”

ಆಯಿತು ಎಂದೆ. ಸೀದಾ ಮನೆಗೆ ಬಂದೆ, ಬಾಗಿಲು ಹಾಕಿಕೊಂಡೆ. ಕೊನೆಯ ಅಧ್ಯಾಯ ಇನ್ನು ಎರಡು ಪುಟ. ಮುಗಿಸಿ ಹೋಗೋಣ. ಎರಡೇ ಪುಟ. ಒಂದೊಂದು ಪದವನ್ನೂ ಎರಡೆರಡು ಸಲ ಟೈಪಿಸುತ್ತಿದ್ದೇನೆ. ನೆರಳು ಕೆಳಗಿನಿಂದ ಮೇಲೇರುತ್ತಿದೆ, ಕಟ್ಟಿಕೊಂಡ ಮೋರಿಯ ನೀರಿನಂತೆ. ಕನ್ನಡಿಯಲ್ಲಿ ನನಗೆ ಗಲ್ಲವಿಲ್ಲ.

ಜೂನ್ 12, ಬುಧವಾರ. ಸಂಜೆ, ಆಸ್ಪತ್ರೆಯ ಬೆಂಚಿನ ಮೇಲೆ

ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಸಾಲು ಎತ್ತಲೋ ಹೋಗುತ್ತಿರಬೇಕು.

ಪಿಟೀಲಿಗೆ ಸಿಕ್ಕಿಬಿದ್ದೆ. ಸ್ಕೂಲಿನಿಂದ ಬಂದವಳೇ ಮಹಡಿ ಹತ್ತಿ, ನನ್ನ ಕಂಪ್ಯೂಟರ್ ಮುಂದೆ ಕೂತು, ಕೊನೆಯ ಅಧ್ಯಾಯ ಓದತೊಡಗಿದಳು. ನಗುತ್ತಿದ್ದಳು. ಆಮೇಲೆ ನಗು ನಿಂತಿತು.

“ಚಿಕ್ಕಿ, ಇದೇನಿದು? ಎಲ್ಲಾ ಕಡೆ ಎರಡೆರಡು ಒತ್ತು. ಅಕ್ಕ್ಕ... ಬೆಟ್ಟ್ಟ... ತಮಾಷೆಗಾ?”

ಸರಿಯಾಗಿದ್ದುದನ್ನೇ ತಿದ್ದಿದ್ದೇನೆ. ಪುಟಗಟ್ಟಲೆ. ಏನೋ ಹಾರಿಕೆ ಉತ್ತರ ಕೊಟ್ಟೆ. ಅವಳು ಎದುರು ಬಂದು ನಿಂತಳು.

“ಎಡಗಣ್ಣು ಮುಚ್ಕೋ. ನನ್ನ ಮೂಗು ನೋಡು. ಮೂಗೇ ನೋಡ್ಬೇಕು. ನನ್ನ ಕೈಲಿ ಏನಿದೆ?”

ಮೂಗು ನೋಡಿದೆ. ಮೂಗಿನ ಕೆಳಗೆ ಬಾಯಿಲ್ಲ, ಕೈಯಿಲ್ಲ, ಬೂದು ಮಾತ್ರ.

“ಪೆನ್ನು” ಎಂದೆ.

ಅವಳು ಹೋ ಎಂದು ಅತ್ತಳು. ಕೈಯಲ್ಲಿ ಏನೂ ಇರಲಿಲ್ಲವಂತೆ. “ಅಮ್ಮಂಗೆ ಹೇಳ್ಬೇಡ, ಎರಡೇ ದಿನ” ಎಂದು ಕೈ ಹಿಡಿದು ಗೋಗರೆದೆ. ತಲೆಯಾಡಿಸಿದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದಲೇ ಬ್ಯಾಂಕಿಗೆ ಫೋನ್ ಮಾಡಿದ್ದಾಳೆ. ನಲ್ಲಿ ಜೋರಾಗಿ ಬಿಟ್ಟಿದ್ದಳು, ಆದರೂ ಕೇಳಿಸಿತು. “ಅಮ್ಮ, ಚಿಕ್ಕಿಗೆ ಕಣ್ಣು ಕಾಣ್ತಿಲ್ಲ.” ಆ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಗೋಡೆ ಹಿಡಿದುಕೊಂಡೆ.

ಅಕ್ಕ ಹೆಗಲಿನ ಬ್ಯಾಗು ಕೂಡ ಇಳಿಸಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಬೈದಳು. “ಸತ್ತ್ ಹೋಗಿದ್ನೇನೇ ನಾನು? ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ ಧಾಡಿ?” ಬೈಯುತ್ತಲೇ ನನ್ನ ಕೈ ಹಿಡಿದಿದ್ದಳು. ನನ್ನ ಬೆರಳು ನೋಯುವಷ್ಟು.

ಡಾಕ್ಟರ್ ನನ್ನ ವಾರಗೆಯವರು. ಎಲ್ಲ ನೋಡಿ ಮುಗಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. ರೆಟಿನಾ ಹರಿದು, ಮೇಲಿನಿಂದ ಕಳಚಿಕೊಂಡು ಬರುತ್ತಿದೆ — ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಂಡ ಹಾಗೆ. ಕಣ್ಣೊಳಗೆ ಚಿತ್ರ ತಲೆಕೆಳಗು, ಅದಕ್ಕೇ ನೆರಳು ಕೆಳಗಿನಿಂದಂತೆ. ನಟ್ಟನಡುವಿನ ಚೂರು ಇನ್ನೂ ಅಂಟಿಕೊಂಡಿದೆ. ಅದೂ ಬಿಟ್ಟರೆ ಓದುವ ದೃಷ್ಟಿ ಹೋದಂತೆ.

“ಮೊದಲ ದಿನವೇ ಬಂದಿದ್ರೆ ಬಹುಶಃ ಲೇಸರ್‌ನಲ್ಲೇ ಮುಗಿಯೋದು. ಈಗ ಆಪರೇಷನ್ನೇ. ನಾಳೆ ಬೆಳಗ್ಗೆ. ಕೆಲಸ ಏನು ಮಾಡ್ತೀರಿ?”

“ಓದೋದು” ಎಂದೆ.

ಅವರು ಮತ್ತೊಮ್ಮೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆ ಬೆಳಕಿಗೇ ನಾನು ಇಷ್ಟು ದಿನ ಹೆದರಿದ್ದು.

ಜೂನ್ 13, ಬೆಳಗ್ಗೆ

ಮೇಡಂಗೆ ಅಕ್ಕನೇ ಫೋನ್ ಮಾಡಿದಳು. ಪ್ರೆಸ್ಸಿನ ತಾರೀಕು ಮುಂದೆ ಹಾಕುವುದು ಕಷ್ಟ, ತಿಂಗಳ ಕೊನೆಯವರೆಗೆ ಮಾತ್ರ ಕಾಯಬಹುದು, ಆಗದಿದ್ದರೆ ಬೇರೆಯವರ ಪುಸ್ತಕ ಹೋಗುತ್ತದೆ — ಎಂದರಂತೆ. “ಮನುಷ್ಯರೇನೇ ಅವರು?” ಎಂದು ಅಕ್ಕ ಹಲ್ಲು ಕಡಿದಳು. ಅವರದು ತಪ್ಪಲ್ಲ. ನಾನೂ ಇನ್ನೊಬ್ಬರಿಗೆ ಹಾಗೆಯೇ ಹೇಳುತ್ತಿದ್ದೆ.

ಕರೆಯುತ್ತಿದ್ದಾರೆ. ಪಿಟೀಲು ಸ್ಕೂಲಿಗೆ ಹೋಗದೆ ಬಾಗಿಲ ಹತ್ತಿರ ನಿಂತಿದ್ದಾಳೆ. ಒಂದೇ ಒಂದು ಮಾತಾಡಿಲ್ಲ. ಅದಕ್ಕೇ ಹೆಚ್ಚು ಭಯ.

ಜೂನ್ 21

ಬಲಗಣ್ಣಿಗೆ ಪಟ್ಟಿ. ಒಳಗೆ ಗಾಳಿಯ ಗುಳ್ಳೆ ತುಂಬಿದ್ದಾರೆ, ಅದು ರೆಟಿನಾವನ್ನು ಒತ್ತಿ ಹಿಡಿಯಬೇಕು. ಅದಕ್ಕಾಗಿ ದಿನವಿಡೀ ಮುಖ ಕೆಳಗೆ. ಉಣ್ಣುವಾಗ, ಮಲಗುವಾಗ, ಮಾತಾಡುವಾಗ. ಬರೆಯುವುದಕ್ಕೆ ಹೇಳಿ ಮಾಡಿಸಿದ ಭಂಗಿ, ಕಣ್ಣೊಂದಿಲ್ಲ. ಸೋಮಾರಿ ಕಣ್ಣಿಗೆ ಈಗ ಕೆಲಸಕ್ಕೆ ಕರೆ ಬಂದಿದೆ. ಬೈಸಿಕೊಂಡು ಮಾಡುವವರಂತೆ ಮಾಡುತ್ತಿದೆ.

ಎಲ್ಲರ ಪಾದಗಳು ಪರಿಚಯವಾದವು. ಅಕ್ಕನ ಹಿಮ್ಮಡಿ ಒಡೆದಿದೆ. ಯಾವತ್ತೂ ಗಮನಿಸಿರಲಿಲ್ಲ.

ಬೆಳಗ್ಗೆ ಎದ್ದ ಕೂಡಲೇ ಪಟ್ಟಿಯ ಹಿಂದೆ ಬೆಳಕು ಇದೆಯಾ ಎಂದು ನೋಡುತ್ತೇನೆ. ಇದೆ ಅನ್ನಿಸುತ್ತದೆ. ಮರುಕ್ಷಣ ಇಲ್ಲ ಅನ್ನಿಸುತ್ತದೆ.

ಜೂನ್ 25

ಕೊನೆಯ ಅಧ್ಯಾಯ ನಾನು ಹೇಳುವುದು, ಪಿಟೀಲು ಟೈಪಿಸುವುದು. ಇದು ಅವಳದೇ ಐಡಿಯಾ. ಒಂದೊಂದು ವಾಕ್ಯಕ್ಕೂ ಜಗಳ.

“‘ಅವಳ ಕಂಗಳು ತೇವಗೊಂಡವು’ — ನಾನು ಟೈಪ್ ಮಾಡಲ್ಲ.”

“ಮತ್ತೇನಂತ ಹಾಕ್ತೀಯ?”

“‘ಅಳು ಬಂತು.’ ಸಾಕು.”

ಹತ್ತು ವರ್ಷ ಕಂಡವರ ವಾಕ್ಯ ಕತ್ತರಿಸಿದವಳಿಗೆ ಈಗ ಕತ್ತರಿಯ ರುಚಿ. ಆದರೆ ಹುಡುಗಿ ಹೇಳುವುದು ಸರಿ. ಹಳೆಯ ಅಧ್ಯಾಯದಲ್ಲಿ ಗೋಲ್‌ಕೀಪರ್ ಮುಂದಿನ ಪಂದ್ಯ ಗೆದ್ದುಬಿಡುತ್ತಿದ್ದಳು. ತೆಗೆದೆವು. ಈಗ ಅವಳು ಮರುದಿನ ಮೈದಾನದ ಗೇಟಿನವರೆಗೆ ಬಂದು ನಿಲ್ಲುತ್ತಾಳೆ. ಚೆಂಡು ಕಂಡರೆ ಕೈ ಹಿಂದಕ್ಕೆ ಹೋಗುತ್ತದೆ.

“ಹೆದರಿಕೆ ಆಗ್ತಿದೆ ಅಂತ ಅವಳು ಯಾರಿಗೂ ಹೇಳಲ್ವಾ?” ಪಿಟೀಲು ಕೇಳಿದಳು.

“ಇಲ್ಲ. ಹೇಳಿದರೆ ಟೀಮಿನಿಂದ ತೆಗೆದುಬಿಡ್ತಾರೆ ಅಂತ.”

ಕೀಬೋರ್ಡಿನ ಸದ್ದು ನಿಂತಿತು. ನನಗೆ ಕಾಣುತ್ತಿದ್ದುದು ಅವಳ ಸಾಕ್ಸು ಮಾತ್ರ. ಹೆಬ್ಬೆರಳು ಅಲ್ಲಾಡುತ್ತಿತ್ತು.

“ಪೆದ್ದು ಅವಳು” ಎಂದಳು. ದನಿ ಒಡೆದಿತ್ತು. “ಮುಂದೆ ಹೇಳು.”

ಜೂನ್ 29

ಅಧ್ಯಾಯ ಕಳಿಸಿದೆವು. ಕಳಿಸುವ ಬಟನ್ ಒತ್ತಿದ್ದು ಅಕ್ಕ. ಅವಳಿಗೂ ಒಂದು ಪಾಲು ಬೇಕಂತೆ.

ಪಟ್ಟಿ ತೆಗೆದಿದ್ದಾರೆ. ಬಾಟಲಿಯ ತಳದಿಂದ ನೋಡಿದಂತೆ ಎಲ್ಲ ಅಲುಗಾಡುವ ಹೊಗೆ. ರೆಟಿನಾ ಅಂಟಿದೆಯಂತೆ. ದೃಷ್ಟಿ ಎಷ್ಟು ಮರಳುತ್ತದೆ ಎಂದು ಕೇಳಿದೆ. “ಕಾಯೋಣ” ಎಂದರು. ಡಾಕ್ಟರ್ ‘ಕಾಯೋಣ’ ಅಂದರೆ ಏನೆಂದು ದಾರಿಯುದ್ದಕ್ಕೂ ಅಕ್ಕನನ್ನು ಕುಯ್ದೆ. ಪಿಟೀಲು ಎಂಬ ಹೆಸರು ಇನ್ನು ನನಗೇ.

ಜುಲೈ 16

ಗುಳ್ಳೆ ಕುಗ್ಗುತ್ತಿದೆ. ನೋಟ ಮೇಲಿನಿಂದ ಬರುತ್ತಿದೆ. ಮೊದಲು ತಲೆಕಟ್ಟು, ಆಮೇಲೆ ಹೊಟ್ಟೆ, ಕೊನೆಗೆ ಒತ್ತು. ಮೇಡಂ ಒಪ್ಪಿದ್ದಾರೆ. ಸರಣಿಯಲ್ಲಿ ನನ್ನದೂ ಇದೆ. ಅವರ ಮೇಲ್ ಓದಿ ಹೇಳಿದಳು ಪಿಟೀಲು, ನಾನು ತಲೆದಿಂಬು ಕಚ್ಚಿಕೊಂಡು ಅತ್ತೆ.

ಆದರೆ ಸಾಲಿನ ನಡುವೆ ಒಂದು ಉಬ್ಬು. ಬಾಗಿಲ ಚೌಕಟ್ಟೂ ಅಲ್ಲಿ ಬಾಗುತ್ತದೆ. ಅದು ಪೂರ್ತಿ ಹೋಗದಿರಬಹುದು ಎಂದರು ಡಾಕ್ಟರ್. ಪ್ರೂಫ್ ನೋಡುವ ಕೆಲಸ ನಿಧಾನವಾಗುತ್ತದೆ. ಎಷ್ಟು ನಿಧಾನ? ಹೆಡ್‌ಮಾಸ್ಟರರ ಪುಸ್ತಕವನ್ನು ಡಿಟಿಪಿಯವಳು ತಾನೇ ಮುಗಿಸಿದಳಂತೆ. “ನೀವು ಬನ್ನಿ, ನಾನು ಓದಿ ಹೇಳ್ತೀನಿ, ನೀವು ತಪ್ಪು ಹಿಡೀರಿ” ಎಂದಳು. ನಕ್ಕೆ. ಈ ಸಲ ನಿಜವಾಗಿ.

ಆಗಸ್ಟ್ 2, ಶುಕ್ರವಾರ. ಬೆಳಗ್ಗೆ

ನನ್ನ ಪುಸ್ತಕದ ಪ್ರೂಫ್ ಬಂದಿದೆ. ಮೇಜಿನ ಮೇಲಿದೆ. ಪಿಟೀಲು ಸ್ಕೂಲಿಗೆ ಹೋಗುವ ಮುಂಚೆ ಮುಖಪುಟಕ್ಕೆ ಮುತ್ತು ಕೊಟ್ಟು ಹೋದಳು, ಜಾಮಿನ ಗುರುತು ಬಿದ್ದಿದೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಶುರುಮಾಡಿದೆ. ಎರಡನೇ ಪುಟದಲ್ಲೇ ಒಂದು ತಪ್ಪು, ಅದೂ ನನ್ನದೇ. ಎಂಥ ಖುಷಿ! ಇನ್ನೊಂದು ಸಿಗಲಿ ಎಂದು—

ಈಗ ತಲೆ ಎತ್ತಿದಾಗ ಅಂಚಿನಲ್ಲಿ ಏನೋ ಮಿಂಚಿತು. ಕಿಟಕಿಯ ಗಾಜೇ? ಹೊರಗೆ ಬಿಸಿಲಿಲ್ಲ.

ಮತ್ತೊಮ್ಮೆ.

ಯಾವ ಕಣ್ಣೋ ಗೊತ್ತಿಲ್ಲ. ಒಂದೊಂದಾಗಿ ಮುಚ್ಚಿ ನೋಡಿದರೆ ತಿಳಿಯುತ್ತದೆ. ನೋಡುವುದಿಲ್ಲ. ನೋಡುತ್ತ ಕೂರುವುದಿಲ್ಲ. ಕೆಳಗೆ ಗೇಟಿನ ಸದ್ದು, ಅಕ್ಕ ಬ್ಯಾಂಕಿಗೆ ಹೊರಟಳು, ಈಗಲೇ ಕೂಗಿ ಹೇಳಬೇಕು—