ಅಮ್ಮನಿಗೆ ಎರಡು ಗೂಬೆ

ಅಮ್ಮಾ,

ಮ್ಯೂಸಿಯಮ್ಮಿನಲ್ಲಿ ಹಳೆಯ ಈಜಿಪ್ಟಿನ ಚಿತ್ರಲಿಪಿ ಕಲಿಯುತ್ತಿದ್ದೇನೆ. ಪರೀಕ್ಷೆ ಪಾಸಾದರೆ ಶಾಸನಗಳ ಕೋಣೆಯಲ್ಲಿ ಕೆಲಸ, ಇಲ್ಲದಿದ್ದರೆ ಮತ್ತೆ ಟಿಕೆಟ್ ಕೌಂಟರ್. ಈ ಲಿಪಿಯಲ್ಲಿ ಸ್ವರಗಳನ್ನು ಬರೆಯುವುದಿಲ್ಲ, ಮಕಾರಕ್ಕೆ ಗೂಬೆಯ ಚಿತ್ರ. ಹಾಗಾಗಿ ನೀನೂ ಎರಡು ಗೂಬೆ, ಮಾಮನೂ ಎರಡು ಗೂಬೆ. ಹೆಂಗಸೋ ಗಂಡಸೋ ಎಂಬುದನ್ನು ಕೊನೆಯಲ್ಲಿ ಕೂತ ಚಿತ್ರ ಹೇಳುತ್ತದೆ. ನಿನ್ನೆ ಪರೀಕ್ಷೆಯಲ್ಲಿ 'ಅಮ್ಮ' ಎಂದು ಬರೆದು, ಅವಸರದಲ್ಲಿ ಗಂಡಸನ್ನು ಕೂರಿಸಿಬಿಟ್ಟೆ.

"ಏನಮ್ಮಾ, ನಿನ್ನನ್ನ ಹೆತ್ತಿದ್ದು ಮಾಮನಾ?" ಎಂದರು ಮೇಷ್ಟ್ರು.

"ತಪ್ಪು ಗೂಬೆಗಳದ್ದು ಸಾರ್," ಎಂದೆ.

"ಗೂಬೆ ಮೇಲೇ ಗೂಬೆ ಕೂರಿಸ್ತೀಯಾ?"

ನಕ್ಕು, ಸೋಮವಾರ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ನನ್ನ ಕೆಮ್ಮು ಕಡಿಮೆಯಾಗಿದೆ. ಸೋಮವಾರ ಅಪ್ಪನನ್ನು ಬರೆಯುತ್ತೇನೆ. ಪಕಾರಕ್ಕೆ ಚಾಪೆ; ಎರಡು ಹಾಸಿಬಿಟ್ಟರೆ ಅವರು ಅಲ್ಲಿಂದ ಏಳುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು,
ನಿನ್ನ ಮಗಳು